‘ಅಂತೆ’ಗೆ ಇಂಗ್ಲಿಷ್ ಏನು ಸರ್?

ಹತ್ತು ನಿಮಿಷದ ಅಭ್ಯಾಸವನ್ನು ಮೂರೇ ನಿಮಿಷದಲ್ಲಿ ಮುಗಿಸಿದ ಎಂಟನೇ ತರಗತಿಯ ಹುಡುಗಿ ಪೆನ್ನಿನ ಮುಚ್ಚಳ ಕಚ್ಚುತ್ತ ಕೇಳಿದಳು: “ಸರ್, ‘ನಾಳೆ ರಜೆಯಂತೆ’ ಅನ್ನೋದನ್ನ ಇಂಗ್ಲಿಷಲ್ಲಿ ಹೇಗೆ ಹೇಳೋದು?” ನಾಳೆ, ರಜೆ ಎರಡೂ ಅವಳಿಗೆ ಗೊತ್ತು. ಬೇಕಾಗಿದ್ದದ್ದು ಬಾಲ. ನನ್ನ ಕೈಯ ಸೀಮೆಸುಣ್ಣ ಅಲ್ಲೇ ನಿಂತಿತು. ಇಂಥ ಪ್ರಶ್ನೆ ವರ್ಷಕ್ಕೊಂದು ಬಂದರೂ ಸಾಕು, ತುಟ್ಟಿಭತ್ಯೆ ಏರಿದಷ್ಟು ಖುಷಿ.

ಚುರುಕು ಮಕ್ಕಳ ವಿಷಯದಲ್ಲಿ ನನಗೂ ಸ್ಟಾಫ್‌ರೂಮಿಗೂ ಹಳೆಯ ಜಗಳ. “ಮುಗೀತಾ? ಇನ್ನೂ ಹತ್ತು ವಾಕ್ಯ ಬರಿ” ಅನ್ನುವವರದು ಒಂದು ಪಂಗಡ. ಬೇಗ ಉಂಡವನಿಗೆ ಊರಿನವರ ತಟ್ಟೆ ತೊಳೆಸಿದ ಹಾಗೆ. ಇನ್ನೊಂದು ಪಂಗಡ ಮಾನಿಟರ್ ಪಟ್ಟ ಕಟ್ಟಿ ಪಕ್ಕದವರ ಕಾಪಿ ತಿದ್ದಲು ಹಚ್ಚುತ್ತದೆ. ಎರಡೇ ತಿಂಗಳಲ್ಲಿ ಮಗು ನಿಧಾನವಾಗಿ ಬರೆಯುವ ಜಾಣತನ ಕಲಿಯುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲಿ ಪುಟಾಣಿಗಳು ತಂತಮ್ಮ ವೇಗದಲ್ಲಿ ಕಲಿಕೆಯ ಏಣಿ ಹತ್ತುತ್ತವೆ. ಮೇಲಿನ ತರಗತಿಗೆ ಬಂದೊಡನೆ ಏಣಿ ಒರಗಿಸಿಟ್ಟು ಎಲ್ಲರನ್ನೂ ಒಂದೇ ಪುಟದ ಮೇಲೆ ಕೂರಿಸುತ್ತೇವೆ. ತರಬೇತಿಗೆ ಹೋದರೆ ‘ವೈಯಕ್ತಿಕ ಭಿನ್ನತೆ’ಯ ಬಗ್ಗೆ ಊಟದ ಹೊತ್ತಿನವರೆಗೆ ಭಾಷಣ, ಹೊಸಬರಿಗೂ ನಿವೃತ್ತಿಯ ಅಂಚಿನವರಿಗೂ ಅದೇ ಪಿಪಿಟಿ! ನಗಬೇಕೆಂದುಕೊಳ್ಳುತ್ತೇನೆ, ಆಗುವುದಿಲ್ಲ. ಕುಳಿತು ಕುಳಿತು ಮಂಕಾದ ಎಷ್ಟೋ ಕಣ್ಣುಗಳನ್ನು ನೋಡಿದ್ದೇನೆ.

ನಾನು ಕೆಲಸ ಹೆಚ್ಚಿಸುವುದಿಲ್ಲ, ಪದ ಕಿತ್ತುಕೊಳ್ಳುತ್ತೇನೆ. ಊರ ತೇರಿನ ಬಗ್ಗೆ ಐದೇ ವಾಕ್ಯ. ‘ವೆರಿ’, ‘ನೈಸ್’, ‘ಬ್ಯೂಟಿಫುಲ್’ ಮೂರಕ್ಕೂ ನಿಷೇಧ. ತೇರಿಗೆ ಎಸೆದ ಬಾಳೆಹಣ್ಣು ತನ್ನ ಚಪ್ಪಲಿಗೆ ಮೆತ್ತಿಕೊಂಡು ಮನೆವರೆಗೂ ಬಂತು ಎಂದು ಒಬ್ಬ ಬರೆದ. ವ್ಯಾಕರಣ ಕುಂಟುತ್ತಿತ್ತು. ತೇರು ಮಾತ್ರ ಕಂಡಿತು.

ಆದರೆ ‘ಅಂತೆ’ ನನ್ನನ್ನು ರಾತ್ರಿಯೂ ಬಿಡಲಿಲ್ಲ. ‘ರಿಪೋರ್ಟೆಡ್ಲಿ’ ಪತ್ರಿಕೆಯವರ ಮಾತು, ಒಗ್ಗರಣೆ ಹಾಕುತ್ತ ಹೇಳುವಂಥದಲ್ಲ. ‘ಅಪ್ಯಾರೆಂಟ್ಲಿ’ಯಲ್ಲಿ ಅನುಮಾನದ ಹುಳಿ. ‘ದೇ ಸೇ’ ಅಂದರೆ ಆ ‘ದೇ’ ಯಾರು? ನಮ್ಮ ‘ಅಂತೆ’ಗೆ ಹೇಳಿದವರ ಹೆಸರೂ ಬೇಡ, ಹೇಳುವವರ ಹೊಣೆಯೂ ಬೇಡ. ಅದಕ್ಕೇ ನಮ್ಮವರು ‘ಟುಮಾರೋ ಹಾಲಿಡೇ, ಇಟ್ ಸೀಮ್ಸ್’ ಎಂದು ದಾರಿ ಮಾಡಿಕೊಂಡದ್ದು. ಇಂಗ್ಲಿಷರ ‘ಇಟ್ ಸೀಮ್ಸ್’ ಸಾಮಾನ್ಯವಾಗಿ ವಾಕ್ಯದ ಮುಂದೆ ಕೂತು ‘ನೋಡಿದರೆ ಹಾಗೆ ತೋರುತ್ತದೆ’ ಅನ್ನುತ್ತದೆ. ನಮ್ಮದು ಕೊನೆಯಲ್ಲಿ ಕೂತು ‘ಯಾರೋ ಅಂದರು’ ಅನ್ನುತ್ತದೆ. ಇದಕ್ಕೆ ವರ್ಷಗಟ್ಟಲೆ ಕೆಂಪು ಗೆರೆ ಎಳೆದವರಲ್ಲಿ ನಾನೂ ಒಬ್ಬ. ಕನ್ನಡ ಇಷ್ಟು ಚೆನ್ನಾಗಿ ವೇಷ ಮರೆಸಿಕೊಂಡು ಬಂದಿರುವಾಗ ಗುರುತು ಹಿಡಿಯದೆ ಹೊರಗೆ ದಬ್ಬಿದೆನಲ್ಲ!

ಮರುದಿನ ಹುಡುಗಿಗೆ ಹೇಳಿದೆ: “ನೀನೇ ಹುಡುಕಮ್ಮ. ಯಾರ ಮುಂದೆ ಯಾವುದು ಸರಿಹೋಗುತ್ತೆ, ಬರ್ಕೊಂಡು ಬಾ.” ಬರೆದು ತಂದಳು. ಗೆಳತಿಗೆ: ‘ಇಟ್ ಸೀಮ್ಸ್’. ಹೆಡ್‌ಮಾಸ್ಟರಿಗೆ: ‘ಐ ಹರ್ಡ್ ದಟ್’. ಪೊಲೀಸರಿಗೆ: ‘ಐ ಡೋಂಟ್ ನೋ, ಸರ್’.