ಡಿಸ್ಕಿನದೇನೂ ತಪ್ಪಿರ್ಲಿಲ್ಲ

ನನ್ನ ಲ್ಯಾಪ್‌ಟಾಪಿನಲ್ಲಿ ಚಕಚಕ ಓಡಿದ ಬಿಲ್ಲಿಂಗ್ ಪ್ರೋಗ್ರಾಮು, ಹೋಲ್‌ಸೇಲ್ ಅಂಗಡಿಯೊಂದರ ಹಳೇ ಸರ್ವರಿನಲ್ಲಿ ಸೇವ್ ಒತ್ತಿದರೆ ತೂಕಡಿಸ್ತಿತ್ತು. ಸಿಪಿಯು ಆರಾಮಾಗಿತ್ತು, ಮೆಮೊರಿಯೂ ಬೇಕಾದಷ್ಟಿತ್ತು. ರಾತ್ರಿ ಹನ್ನೊಂದಕ್ಕೆ ಎಸ್‌ಟ್ರೇಸ್ ಹಾಕಿದೆ. 'ಡಿಸ್ಕಿಗೆ ನಿಜವಾಗ್ಲೂ ಬರೆದಾಯ್ತಾ?' ಅಂತ ಕಾಯುವ ಎಫ್‌ಸಿಂಕ್ ಇದೆಯಲ್ಲ, ಅದಕ್ಕೆ ಪ್ರತಿ ಸಲ ಸುಮಾರು 8.3 ಮಿಲಿಸೆಕೆಂಡು! 7200 ಆರ್‌ಪಿಎಂ ಅಂದ್ರೆ ಸೆಕೆಂಡಿಗೆ 120 ಸುತ್ತು. ಪಾಪ, ಒಂದೊಂದು ಸಲಕ್ಕೂ ಡಿಸ್ಕು ಪೂರ್ತಿ ಒಂದು ಸುತ್ತು ಹಾಕ್ತಿತ್ತು.

"ಎಫ್‌ಸಿಂಕ್ ತೆಗೆದುಬಿಡೋ ಮಾರಾಯ" ಅಂದ ಗೆಳೆಯ. ತೆಗೆದೆ, ಹಾರಿತು. ಆದ್ರೆ ಆ ಅಂಗಡೀಲಿ ಯುಪಿಎಸ್ ಸತ್ತು ವರ್ಷವಾಗಿದೆ. ಕರೆಂಟ್ ಹೋದ್ರೆ ಬಿಲ್ಲು ಗಿರಾಕಿ ಕೈಯಲ್ಲಿ, ಲೆಕ್ಕ ಮಾತ್ರ ಮಾಯ. ವಾಪಸ್ ಹಾಕಿ ನನ್ನ ಕೋಡನ್ನೇ ಓದಿದೆ. ಬಿಲ್ಲಿನ ಪ್ರತಿ ಸಾಲಿಗೂ ಒಂದೊಂದು ಕಮಿಟ್ ಬರೆದಿದ್ದ ಭೂಪ ನಾನೇ! 240 ಸಾಲಿಗೆ ಎರಡು ಸೆಕೆಂಡು. ಇಡೀ ಬಿಲ್ಲಿಗೆ ಒಂದೇ ಕಮಿಟ್ ಮಾಡಿದೆ. ಗೆಳೆಯನಿಗೆ ಕಾರಣ ಇನ್ನೂ ಹೇಳಿಲ್ಲ, ನೀವೂ ಹೇಳ್ಬೇಡಿ :)