ಗೋಕಾಕದ ಕರದಂಟು, ತಂಗಿಯ ಲೆಕ್ಕ

ಗೋಕಾಕಕ್ಕೆ ಹೋದವರು ಜಲಪಾತ ನೋಡದೆ ಬರುವುದಿಲ್ಲ, ಕರದಂಟು ತರದೆಯೂ ಬರುವುದಿಲ್ಲ. ೨೦೨೪ರ ಶ್ರಾವಣದಲ್ಲಿ ನಾನು ಹುಬ್ಬಳ್ಳಿಯಿಂದ ಹೊರಟದ್ದು ಮಾತ್ರ ಎರಡಕ್ಕೂ ಅಲ್ಲ. ಅಲ್ಲಿಗೆ ಕೊಟ್ಟ ನನ್ನ ತಂಗಿ, “ಅಕ್ಕಾ, ಹಿರಿಯರ ಮುಂದ ಕೂತು ರೊಕ್ಕಾ ಕೇಳಬೇಕಾಗೇದ, ಬಾಜೂಕ ನೀ ಇರು” ಎಂದು ಫೋನ್ ಮಾಡಿದ್ದಳು.

ಘಟಪ್ರಭಾ ಸ್ಟೇಷನ್ನಿನಲ್ಲಿ ಇಳಿದು ಬಸ್ಸು ಹಿಡಿದೆ. ಮರುದಿನ ಬೆಳಿಗ್ಗೆ ಜಲಪಾತಕ್ಕೂ ಹೋಗಿಬಂದೆವು. ಸುಮಾರು ೧೭೦ ಅಡಿ ಮೇಲಿನಿಂದ ಘಟಪ್ರಭೆ ಹಾಲು ಹಾಕಿದ ಚಹಾದ ಬಣ್ಣದಲ್ಲಿ ಧುಮುಕುತ್ತಿತ್ತು. ತುಂತುರಿಗೆ ಸೀರೆಯೆಲ್ಲ ತೊಯ್ದಿತು. ತಂಗಿಯ ಲಕ್ಷ್ಯ ಮಾತ್ರ ನೀರಿನ ಮೇಲಿರಲಿಲ್ಲ. ಹೋಗುವಾಗಲೂ ಬರುವಾಗಲೂ ಕರದಂಟಿನ ಬೋರ್ಡುಗಳನ್ನೇ ಎಣಿಸುತ್ತಿದ್ದಳು!

ಕರಿದ ಅಂಟು ಇರುವುದರಿಂದಲೇ ಅದು ಕರದಂಟು. ಅಂಟನ್ನು ತುಪ್ಪದಲ್ಲಿ ಅರಳುವಂತೆ ಕರಿಯಬೇಕು. ಒಳಗೆ ಹಸಿ ಉಳಿದರೆ ಹಲ್ಲಿಗೆ ಮೆತ್ತುತ್ತದೆ. ಹುರಿದ ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬದಾಮಿ, ಗಸಗಸೆ ಕೂಡಿಸಿ ಬೆಲ್ಲದ ಪಾಕಕ್ಕೆ ಹಾಕುವುದು. ನಮ್ಮ ಕಡೆ ಬಾಣಂತಿಯರಿಗೆ ಇದಿಲ್ಲದೆ ಆಗುವುದಿಲ್ಲ. ಅಮೀನಗಡದವರು ತಮ್ಮದೇ ಹೆಚ್ಚು ಎನ್ನುತ್ತಾರೆ. ಆ ಜಗಳಕ್ಕೆ ನಾನು ಹೋಗುವುದಿಲ್ಲ, ಎರಡೂ ಊರಿನಲ್ಲಿ ನಮಗೆ ಬೀಗರಿದ್ದಾರೆ.

ಸಂಜೆ ಪಡಸಾಲೆಯಲ್ಲಿ ತಂಗಿಯ ದೊಡ್ಡಮಾವನವರು, ಅವರ ಸ್ನೇಹಿತರಾದ ದಲಾಲಿ ಅಂಗಡಿಯ ಸಾವಕಾರರು ಕೂತರು. ಓಣಿಯ ಮೂವರು ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಕರದಂಟು ಮಾಡಿ ಮಾರಬೇಕೆಂಬುದು ತಂಗಿಯ ಆಸೆ. ದೊಡ್ಡ ಒಲೆ, ಕಡಾಯಿ, ಡಬ್ಬಿ, ಖೋಲಿಯ ಅಡ್ವಾನ್ಸು ಎಲ್ಲ ಸೇರಿ ಒಂದೂವರೆ ಲಕ್ಷ ಬೇಕು. ಅವಳ ಗಂಡ ಕಂಬಕ್ಕೆ ಆತು ಸುಮ್ಮನೆ ನಿಂತಿದ್ದ.

“ಊರ ತುಂಬ ಅಂಗಡಿ ಅದಾವಲ್ಲವಾ, ನಿಂದ್ಯಾರು ತೊಗೋತಾರ?” ಎಂದರು ದೊಡ್ಡಮಾವ.

ತಂಗಿ ಮೂರು ತಾಟು ತಂದಿಟ್ಟಳು. ಒಂದು ಅಂದಿನದು, ಒಂದು ಹದಿನೈದು ದಿನದ್ದು, ಇನ್ನೊಂದು ತಿಂಗಳ ಹಿಂದಿನದು. ಯಾವುದು ಯಾವುದೆಂದು ಇಬ್ಬರಿಗೂ ಗುರುತು ಸಿಗಲಿಲ್ಲ. “ಇದನ್ನ ಊರಾಗ ಮಾರಂಗಿಲ್ರಿ, ಪುಣೆ, ಬೆಂಗಳೂರಿನ ಬಾಣಂತ್ಯಾರಿಗೆ ಕಳಸತೇನಿ” ಎಂದಳು. ನನಗಂತೂ ಚಪ್ಪಾಳೆ ತಟ್ಟಬೇಕೆನಿಸಿತು.

ಆಮೇಲೆ ಲೆಕ್ಕ. ಕಿಲೋಕ್ಕೆ ಸಾಮಾನು ೫೨೦ ರೂಪಾಯಿ, ಮಾರುವುದು ೭೦೦, ಉಳಿಯುವುದು ೧೮೦ ಎಂದು ಓದಿದಳು. ಸಾವಕಾರರು ಕನ್ನಡಕ ಇಳಿಸಿ, “ನಾಲ್ಕು ಮಂದಿ ಪಗಾರ ಎಲ್ಲಿ ಬರದೀ ತಂಗೀ?” ಎಂದರು. ತಂಗಿ ನನ್ನ ಮುಖ ನೋಡಿದಳು. ನಾನೇನು ಹೇಳಲಿ? ಇಪ್ಪತ್ತೆರಡು ವರ್ಷದಿಂದ ಒಲೆ ಮುಂದೆ ನಿಂತಿದ್ದೇನೆ, ಕಿರಾಣಿ ಚೀಟಿಯಲ್ಲಿ ನನ್ನ ಕೈಗೆ ಎಂದಾದರೂ ದರ ಹಾಕಿದ್ದೇನೆಯೇ!

ಅಲ್ಲೇ ಚೀಟಿಯ ಬೆನ್ನಿಗೆ ಮತ್ತೆ ಬರೆದಳು. ದಿನಕ್ಕೆ ಹತ್ತು ಕಿಲೋ, ತನ್ನನ್ನೂ ಹಿಡಿದು ನಾಲ್ವರಿಗೆ ತಲಾ ೩೦೦. ಅಂದರೆ ಕಿಲೋಕ್ಕೆ ೧೨೦ ಪಗಾರಕ್ಕೇ ಹೋಯಿತು. ಗ್ಯಾಸು, ಡಬ್ಬಿಗೆ ೨೦. ಉಳಿದದ್ದು ಬರೀ ೪೦! ಅವಳ ದನಿ ಸಣ್ಣದಾಯಿತು, ಆದರೆ ನಡುವೆ ಬಿಡದೆ ಓದಿದಳು.

“ಈಗ ಖರೇ ಲೆಕ್ಕ ಹೇಳಿದಿ” ಎಂದರು ಸಾವಕಾರರು. ಐವತ್ತು ಸಾವಿರ ಕೊಡಲು ಒಪ್ಪಿದರು, ವರ್ಷದೊಳಗೆ ತಿರುಗಿ ಕೊಡುವ ಮಾತಿನ ಮೇಲೆ. ದೊಡ್ಡಮಾವ, “ದೀಪಾವಳಿ ಆಗಲಿ, ನೋಡೋಣು” ಎಂದು ಎದ್ದರು. ರಾತ್ರಿ ತಂಗಿ ಟ್ರಂಕಿನಿಂದ ಬಳೆ ತೆಗೆದು ನೋಡಿ ಮತ್ತೆ ಒಳಗಿಟ್ಟಳು. ನಾನು ನಿದ್ದೆ ಬಂದವಳಂತೆ ಮಲಗಿದ್ದೆ.

ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಒಂದು ಕಿಲೋ ಕರದಂಟು ಕೈಗಿತ್ತಳು. ಎರಡು ಐನೂರರ ನೋಟು ಕೊಟ್ಟೆ. ಯಾವಾಗಲೂ ಬ್ಯಾಡ ಬ್ಯಾಡ ಅನ್ನುವವಳು ಈ ಸಲ ಸುಮ್ಮನೆ ತೊಗೊಂಡು, ಸೆರಗಿನ ಗಂಟು ಬಿಚ್ಚಿ ಮುನ್ನೂರು ಎಣಿಸಿ ಕೊಟ್ಟಳು.