ರಬ್ಬರಿನ ವಯಸ್ಸು

ಹಳೆಯ ಕಾರಿನಲ್ಲಿ ಮೊದಲು ವಯಸ್ಸಾಗುವುದು ರಬ್ಬರಿಗೆ. ಎಂಜಿನ್ನಿನ ಎರಕದ ಕಬ್ಬಿಣ ಮೂವತ್ತು ವರ್ಷ ಕಳೆದರೂ ಗಟ್ಟಿಮುಟ್ಟಾಗಿಯೇ ಇರುತ್ತದೆ. ಗೇರಿನ ಹಲ್ಲುಗಳು ಎಣ್ಣೆಯಲ್ಲಿ ಮುಳುಗಿಕೊಂಡು ಇನ್ನೂ ಹೊಳೆಯುತ್ತಿರುತ್ತವೆ. ಆದರೆ ರೇಡಿಯೇಟರಿನ ಹೋಸ್, ಬಾಗಿಲಂಚಿನ ಬೀಡಿಂಗ್, ಸಸ್ಪೆನ್ಷನ್ನಿನ ಬುಶ್, ಎಣ್ಣೆ ತಡೆಯುವ ಸೀಲ್, ಬ್ರೇಕಿನೊಳಗಿನ ರಿಂಗು, ಟೈಮಿಂಗ್ ಬೆಲ್ಟು, ಕೊನೆಗೆ ಟೈರು, ಇವೆಲ್ಲ ಕಾರು ಓಡಿದರೂ ನಿಂತರೂ ತಮ್ಮ ಪಾಡಿಗೆ ಗಡುಸಾಗುತ್ತವೆ, ಬಿರಿಯುತ್ತವೆ. ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳಬೇಕೆಂದು ಕೇಳಿಕೊಂಡು ಬರುವ ಹುಡುಗರಿಗೆ ನಾನು ಹೇಳುವುದಿಷ್ಟೇ: ಎಷ್ಟು ಮೈಲಿ ಓಡಿದೆ ಅಂತ ಆಮೇಲೆ ನೋಡು, ಮೊದಲು ಬಾನೆಟ್ ಎತ್ತಿ ಒಂದು ಹೋಸನ್ನು ಹಿಸುಕಿ ನೋಡು. ಕಡಿಮೆ ಓಡಿದ ಹಳೆಯ ಕಾರು ಅಂದರೆ ಎಷ್ಟೋ ಸಲ ಜಾಸ್ತಿ ಖರ್ಚಿನ ಕಾರು ಅಂತಲೇ ಅರ್ಥ.

ನಮ್ಮದು 1992ರ ಮಾಜ್ದಾ ಮಿಯಾಟಾ. ಕೆಂಪು ಬಣ್ಣ, ಎರಡೇ ಸೀಟು, ಕೈಯಿಂದ ಮಡಿಸಿ ಹಿಂದಕ್ಕೆ ಹಾಕುವ ಟಾಪು, ಗುಂಡಿ ಒತ್ತಿದರೆ ಬಾನೆಟ್ಟಿನೊಳಗಿಂದ ಮೇಲೇಳುವ ಹೆಡ್‌ಲೈಟು. 1.6 ಲೀಟರಿನ ಎಂಜಿನ್, 116 ಅಶ್ವಶಕ್ತಿ. ಇವತ್ತು ಮಕ್ಕಳನ್ನು ಶಾಲೆಗೆ ಬಿಡುವ ಕಾರಿನಲ್ಲೂ ಇದಕ್ಕಿಂತ ಹೆಚ್ಚಿನ ಶಕ್ತಿ ಇರುತ್ತದೆ. ಆದರೆ ಇಡೀ ಕಾರಿನ ತೂಕ ಒಂದು ಟನ್ನಿಗಿಂತ ಕಡಿಮೆ. ಅದರ ಮಹಿಮೆಯೆಲ್ಲ ಅಲ್ಲಿದೆ.

ಈ ಕಾರು ಹುಟ್ಟಿದ್ದರ ಹಿಂದೆ ಒಂದು ಒಳ್ಳೆಯ ಕತೆ ಇದೆ. ಇಂಗ್ಲೆಂಡಿನ ಎಂಜಿ, ಟ್ರಯಂಫ್, ಲೋಟಸ್‌ನಂಥ ಕಂಪನಿಗಳು ಐವತ್ತು, ಅರವತ್ತರ ದಶಕಗಳಲ್ಲಿ ಮಾಡುತ್ತಿದ್ದ ಚಿಕ್ಕ ತೆರೆದ ಕಾರುಗಳನ್ನು ಜನ ಪ್ರಾಣದಂತೆ ಪ್ರೀತಿಸಿದರು, ಅವುಗಳ ಎಣ್ಣೆ ಸೋರಿಕೆಯನ್ನೂ ಕೈಕೊಡುವ ವೈರಿಂಗನ್ನೂ ಸಹಿಸಿಕೊಂಡರು. 1980ರಲ್ಲಿ ಎಂಜಿಬಿಯ ತಯಾರಿಕೆ ನಿಂತಿತು, ಆ ವಂಶ ಹೆಚ್ಚುಕಡಿಮೆ ಅಳಿದೇ ಹೋಯಿತು. ಅದಕ್ಕೆ ಒಂದು ವರ್ಷ ಮೊದಲು ಬಾಬ್ ಹಾಲ್ ಎಂಬ ಅಮೆರಿಕದ ಮೋಟಾರು ಪತ್ರಕರ್ತ ಮಾಜ್ದಾದ ಕೆನಿಚಿ ಯಮಾಮೊಟೊ ಅವರನ್ನು ಕಂಡಾಗ, ಅಂಥದೊಂದು ಹಗುರವಾದ, ಸರಳವಾದ ಕಾರನ್ನು ನೀವೇಕೆ ಮಾಡಬಾರದು ಎಂದು ಕೇಳಿದ್ದ. ಆ ಮಾತು ಹತ್ತು ವರ್ಷ ಒಳಗೊಳಗೇ ಮೊಳೆತು, ತೊಶಿಹಿಕೊ ಹಿರಾಯಿ ಅವರ ಮುಂದಾಳತ್ವದಲ್ಲಿ ರೂಪ ಪಡೆದು, 1989ರ ಫೆಬ್ರುವರಿಯಲ್ಲಿ ಶಿಕಾಗೋ ಆಟೋ ಶೋದಲ್ಲಿ ಕಾರಾಗಿ ಬಂದು ನಿಂತಿತು. ಬೆಲೆ 13,800 ಡಾಲರ್. ಸಾಮಾನ್ಯ ಸಂಬಳದವರ ಕೈಗೂ ಎಟುಕುವಂತಿತ್ತು. 2016ರ ಹೊತ್ತಿಗೆ ಹತ್ತು ಲಕ್ಷ ಮಿಯಾಟಾಗಳು ತಯಾರಾಗಿದ್ದವು. ಈ ಸಂಖ್ಯೆಯನ್ನು ಹೆಮ್ಮೆಗಾಗಿ ಹೇಳುತ್ತಿಲ್ಲ. ಇಷ್ಟು ಕಾರುಗಳು ಲೋಕದಲ್ಲಿ ಇರುವುದರಿಂದಲೇ ನನಗೆ ಇವತ್ತೂ ಒಂದು ಸೀಲು, ಒಂದು ಹೋಸು ಸಲೀಸಾಗಿ ಸಿಗುತ್ತದೆ. 2017ರಲ್ಲಿ ಮಾಜ್ದಾ ಕಂಪನಿ ಈ ಮೊದಲ ತಲೆಮಾರಿನ ಕಾರುಗಳನ್ನು ತಾನೇ ನವೀಕರಿಸಿ ಕೊಡುವ ಯೋಜನೆಯನ್ನು ಜಪಾನಿನಲ್ಲಿ ಪ್ರಕಟಿಸಿತು. ಟಾಪು, ಮರದ ಸ್ಟೀರಿಂಗ್ ಚಕ್ರ, ಹದಿನಾಲ್ಕು ಅಂಗುಲದ ಟೈರುಗಳನ್ನೂ ಮತ್ತೆ ಮಾಡಿಸಿತು. ತಾನು ಮಾರಿದ ವಸ್ತುವಿಗೆ ಇಷ್ಟು ವರ್ಷದ ಮೇಲೂ ಹೊಣೆಯಾಗುವ ಕಂಪನಿಗೆ ನಾನು ಮನಸಾರೆ ಕೈಮುಗಿಯುತ್ತೇನೆ.

ನಾವಿರುವುದು ಡೆಟ್ರಾಯ್ಟಿನ ಪಕ್ಕದ ಕ್ಯಾಂಟನ್‌ನಲ್ಲಿ. ಮೋಟಾರು ಕಾರುಗಳ ರಾಜಧಾನಿ ಎಂದು ಹೆಸರಾದ ಊರು ಡೆಟ್ರಾಯ್ಟ್. ಅದರ ಬೀದಿಗಳಿಂದ ಸುಮಾರು 1,200 ಅಡಿ ಕೆಳಗೆ ಒಂದು ಉಪ್ಪಿನ ಗಣಿ ಇದೆ. ಕೋಟ್ಯಂತರ ವರ್ಷಗಳ ಹಿಂದೆ ಬತ್ತಿಹೋದ ಸಮುದ್ರದ ಉಪ್ಪು ಅದು. ಹಿಮ ಬಿದ್ದಾಗ ಅದನ್ನೇ ತಂದು ರಸ್ತೆಗೆ ಸುರಿಯುತ್ತಾರೆ. ಹಿಮ ಕರಗುತ್ತದೆ, ಉಪ್ಪುನೀರು ಕಾರಿನ ತಳದ ಸಂದುಗೊಂದುಗಳಿಗೆಲ್ಲ ನುಗ್ಗುತ್ತದೆ, ಕಬ್ಬಿಣ ಕರಗತೊಡಗುತ್ತದೆ. ಹಾಗಾಗಿ ಕಾರನ್ನು ನಾನು ಇಲ್ಲಿ ಕೊಳ್ಳಲಿಲ್ಲ, ಟೆನೆಸಿಯಿಂದ ತಂದೆ. ಮೊದಲ ಉಪ್ಪು ರಸ್ತೆಗೆ ಬಿದ್ದ ದಿನ ಅದು ಗ್ಯಾರೇಜು ಸೇರಿದರೆ, ವಸಂತದ ಮಳೆಗಳು ರಸ್ತೆಯನ್ನು ತೊಳೆಯುವ ತನಕ ಹೊರಗೆ ಬರುವುದಿಲ್ಲ.

ಈ ಕಾರಿಗೆ ತುಕ್ಕು ಹಿಡಿಯುವ ಬಗೆಯೇ ವಿಚಿತ್ರ. ಟಾಪಿನ ಮೇಲೆ ಬಿದ್ದ ಮಳೆನೀರು ಹಿಂಬದಿಯ ಒಂದು ಪಟ್ಟಿಯಗುಂಟ ಹರಿದು, ಸೀಟುಗಳ ಹಿಂದಿನ ಎರಡು ಮೂಲೆಗಳಲ್ಲಿರುವ ತೂತುಗಳಿಗೆ ಇಳಿದು, ಒಳಗಿನ ಕೊಳವೆಗಳ ಮೂಲಕ ಹೊರಗೆ ಬೀಳಬೇಕು. ಮರದ ಕೆಳಗೆ ನಿಲ್ಲಿಸಿದ ಕಾರಿನಲ್ಲಿ ಎಲೆಗಳು, ಪೈನ್ ಮರದ ಸೂಜಿಗಳು ಆ ತೂತನ್ನು ಮುಚ್ಚುತ್ತವೆ. ಆಗ ನೀರು ದಾರಿ ತಪ್ಪಿ, ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಪೊಳ್ಳು ತೊಲೆಯೊಳಗೆ ನಿಲ್ಲುತ್ತದೆ. ತೆರೆದ ಕಾರಿಗೆ ತಲೆಯ ಮೇಲೆ ಲೋಹದ ಚಾವಣಿ ಇಲ್ಲ, ಅದರ ಬಲವೆಲ್ಲ ಆ ತೊಲೆಗಳಲ್ಲೇ ಇರುವುದು. ಹೊರಗಿನಿಂದ ನೋಡಿದರೆ ಬಣ್ಣ ಫಳಫಳ ಎನ್ನುತ್ತಿರುತ್ತದೆ, ಒಳಗೆ ತಗಡು ಪುಡಿಪುಡಿಯಾಗಿರುತ್ತದೆ. ಅದನ್ನು ಕತ್ತರಿಸಿ, ಹೊಸ ತಗಡು ಬೆಸೆದು, ಬಣ್ಣ ಹೊಡೆಸಲು ಗಂಟೆಗೆ ನೂರು ಡಾಲರಿಗೂ ಮೀರಿ ಕೂಲಿ ಕೊಡಬೇಕು. ಬಗ್ಗುವ ಪ್ಲಾಸ್ಟಿಕ್ ತಂತಿಯೊಂದನ್ನು ತೂತಿನಲ್ಲಿ ತೂರಿಸಿ ಆಡಿಸಿದರೆ, ಒಂದು ಚೊಂಬು ನೀರು ಸುರಿದು ಕೆಳಗೆ ಸರಾಗವಾಗಿ ಬರುತ್ತದೋ ಇಲ್ಲವೋ ನೋಡಿಕೊಂಡರೆ, ಈ ಖರ್ಚು ಬರುವುದೇ ಇಲ್ಲ. ಹಳೆಯ ಕಾರಿನ ಸಾಕಣೆಯಲ್ಲಿ ಇದಕ್ಕಿಂತ ಅಗ್ಗದ, ಇದಕ್ಕಿಂತ ಬೆಲೆಬಾಳುವ ಕೆಲಸ ಇನ್ನೊಂದಿಲ್ಲ.

ಟೈಮಿಂಗ್ ಬೆಲ್ಟಿನ ವಿಷಯ ಬೇರೆ. 60,000 ಮೈಲಿಗೊಮ್ಮೆ, ಅಂದರೆ ಸುಮಾರು 96,000 ಕಿಲೋಮೀಟರಿಗೊಮ್ಮೆ ಬದಲಿಸಬೇಕೆಂದು ಕಂಪನಿ ಹೇಳುತ್ತದೆ. ಹಲವು ಎಂಜಿನ್ನುಗಳಲ್ಲಿ ಈ ಬೆಲ್ಟು ಹರಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಹಾಳಾಗುತ್ತದೆ. ಈ 1.6 ಲೀಟರಿನದರಲ್ಲಿ ಎರಡರ ನಡುವೆ ಜಾಗ ಬಿಟ್ಟಿದ್ದಾರೆ, ಬೆಲ್ಟು ಹರಿದರೆ ಕಾರು ಸುಮ್ಮನೆ ನಿಲ್ಲುತ್ತದೆ. ಮನೆಯಲ್ಲೇ ಮಾಡಿಕೊಳ್ಳಲು ಧೈರ್ಯ ಬಂದದ್ದು ಇದರಿಂದ. ಬೆಲ್ಟು ತೆಗೆದಾಗ ಅದರ ಹಿಂದಿರುವ ವಾಟರ್ ಪಂಪು, ಸೀಲುಗಳನ್ನೂ ಹಾಕಿಬಿಡುವುದು ವಾಡಿಕೆ. ಅಷ್ಟೆಲ್ಲ ಬಿಚ್ಚುವ ಶ್ರಮವನ್ನು ಎರಡು ಸಲ ಯಾರು ಪಡುತ್ತಾರೆ?

ಬೆಲ್ಟು ಬದಲಿಸಿದ ಬೇಸಿಗೆಯಲ್ಲಿ ಅಪ್ಪ ಬಂದಿದ್ದರು. ತಿಪಟೂರಿನ ಎಣ್ಣೆ ಗಿರಣಿಯೊಂದರಲ್ಲಿ ಫಿಟ್ಟರ್ ಆಗಿ ವಯಸ್ಸು ಕಳೆದವರು. ಅಮೆರಿಕದಲ್ಲಿ ಮಾಲು, ಮ್ಯೂಸಿಯಂ ತೋರಿಸಿದರೆ ಬೇಸರಪಡುತ್ತಿದ್ದವರು ಗ್ಯಾರೇಜಿನಲ್ಲಿ ಬಕೆಟ್ ಬೋರಲು ಹಾಕಿಕೊಂಡು, ಟಾರ್ಚ್ ಹಿಡಿದು ಕೂತರೆ ಊಟಕ್ಕೆ ಎರಡು ಸಲ ಕರೆಯಬೇಕಿತ್ತು. ತೆಗೆದ ಬೆಲ್ಟು ನನ್ನ ಕಣ್ಣಿಗೆ ಚೆನ್ನಾಗಿಯೇ ಕಂಡಿತು. ಒಂದು ಹಲ್ಲೂ ಹೋಗಿರಲಿಲ್ಲ, ಅಂಚೂ ಬಿಚ್ಚಿರಲಿಲ್ಲ. ಅಪ್ಪ ಅದನ್ನು ಇಸಕೊಂಡು ಹಿಂದುಮುಂದಾಗಿ ಬಗ್ಗಿಸಿ, ಹಲ್ಲುಗಳ ಬುಡಕ್ಕೆ ಟಾರ್ಚ್ ಬಿಟ್ಟರು. ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಸಾಲಾಗಿ ಕಂಡವು.

"ಇದು ಸವೆದಿಲ್ಲ ಕಣೋ, ಒಣಗಿದೆ" ಅಂದರು. "ಗಿರಣಿ ವರ್ಷಗಟ್ಟಲೆ ಬಾಗಿಲು ಹಾಕಿತ್ತಲ್ಲ, ಆಗ ನಮ್ಮ ಪಟ್ಟಗಳೂ ಹಿಂಗೇ ಆಗಿದ್ವು. ಓಡೋ ಪಟ್ಟ ಕಿತ್ತೋಗೋದಕ್ಕಿಂತ ನಿಂತ ಪಟ್ಟ ಕಿತ್ತೋಗೋದೇ ಹೆಚ್ಚು."

ಹೊಸ ಬೆಲ್ಟು ಹಾಕುವಾಗ ಮೇಲಿನ ಎರಡು ಹಲ್ಲುಚಕ್ರಗಳ ಮೇಲಿರುವ ಗುರುತುಗಳು ತಮ್ಮ ತಮ್ಮ ಗೆರೆಗೆ ಸರಿಯಾಗಿ ನಿಲ್ಲಬೇಕು. ಒಂದು ಚಕ್ರದ ಮೇಲೆ ಐ ಅಕ್ಷರ, ಇನ್ನೊಂದರ ಮೇಲೆ ಇ. ಎರಡರ ನಡುವೆ ಬೆಲ್ಟಿನ ಹತ್ತೊಂಬತ್ತು ಹಲ್ಲು ಬರಬೇಕು. ಒಂದು ಹಲ್ಲು ಆಚೀಚೆಯಾದರೂ ಎಂಜಿನ್ ಸರಿಯಾಗಿ ಓಡುವುದಿಲ್ಲ. ಅಪ್ಪ ಸ್ಕ್ರೂಡ್ರೈವರಿನ ತುದಿಯನ್ನು ಒಂದೊಂದೇ ಹಲ್ಲಿಗೆ ತಾಗಿಸುತ್ತ ಗಟ್ಟಿಯಾಗಿ ಎಣಿಸಿದರು. "ಹದಿನೇಳು, ಹದಿನೆಂಟು, ಹತ್ತೊಂಬತ್ತು. ಸರಿಯಾಗಿದೆ. ಈಗ ಸ್ಪ್ಯಾನರ್ ಹಾಕಿ ಕೈಯಿಂದ ತಿರುಗಿಸು." ಕ್ರ್ಯಾಂಕನ್ನು ಎರಡು ಪೂರ್ತಿ ಸುತ್ತು ತಿರುಗಿಸಿದೆ, ಗುರುತುಗಳು ಮತ್ತೆ ಗೆರೆಗೆ ಬಂದವು. "ಸಾಕಾ ಅಪ್ಪ? ಮುಚ್ಚಲಾ?" ಅಂದೆ. "ಇನ್ನೊಂದು ಸಲ ತಿರುಗಿಸಿ ನೋಡು, ನಿನ್ನ ಗಂಟೇನು ಹೋಗುತ್ತೆ?" ಅಂದು ಮತ್ತೆ ಮೊದಲಿಂದ ಎಣಿಸಿದರು. ಪಂಪು, ಬೆಲ್ಟು, ಸೀಲು ಎಲ್ಲ ಸೇರಿ ಸಾಮಾನಿಗೆ ನೂರೈವತ್ತು ಡಾಲರಿನ ಆಸುಪಾಸು ಆಯಿತು. ಅಂಗಡಿಗೆ ಒಯ್ದಿದ್ದರೆ ಅದರ ಹಲವು ಪಟ್ಟು ಆಗುತ್ತಿತ್ತು. ಎಂಜಿನ್ನಿನ ಹಿಂಭಾಗದಲ್ಲಿ ಜಿನುಗುತ್ತಿದ್ದ ಎಣ್ಣೆಯ ಮೂಲವನ್ನು ಹುಡುಕಿದವರೂ ಅಪ್ಪನೇ. ಕ್ಯಾಮ್ ಸೆನ್ಸರಿನ ಒಂದು ಓ ರಿಂಗು ಕಲ್ಲಿನಂತೆ ಗಡುಸಾಗಿತ್ತು. ಅದೂ ರಬ್ಬರೇ.

ನಿಂತ ಪಟ್ಟದ ಬಗ್ಗೆ ಅಪ್ಪ ಆಡಿದ ಮಾತು ಈ ಕಾರಿನ ಜಮಾಖರ್ಚನ್ನು ನಾನು ನೋಡುವ ರೀತಿಯನ್ನೇ ತಿದ್ದಿತು. ಎಷ್ಟೋ ಜನ ಇಂಥ ಕಾರನ್ನು ಓಡಿಸಿದರೆ ಎಲ್ಲಿ ಸವೆದೀತೋ ಎಂದು ಹೊದಿಕೆ ಹೊದಿಸಿ ಇಟ್ಟುಬಿಡುತ್ತಾರೆ. ಸವೆತ ಅವರು ಅಂದುಕೊಂಡಷ್ಟು ದುಬಾರಿ ಅಲ್ಲ. ಬ್ರೇಕ್ ಪ್ಯಾಡು ಸವೆದರೆ ಪ್ಯಾಡು ಹಾಕಿದರೆ ಮುಗಿಯಿತು. ನಿಂತ ಕಾರಿನ ಕತೆ ಹಾಗಲ್ಲ. ಹ್ಯಾಂಡ್‌ಬ್ರೇಕ್ ಎಳೆದಿಟ್ಟ ಹಿಂಚಕ್ರಗಳ ಕ್ಯಾಲಿಪರ್ ಬಿಗಿದುಕೊಳ್ಳುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲ್ ಹಳಸುತ್ತದೆ. ಎಣ್ಣೆ ತಾಗದ ಸೀಲುಗಳು ಒಣಗಿ ಕುಗ್ಗುತ್ತವೆ. ಟೈರುಗಳು ನೆಲಕ್ಕೆ ಊರಿದ ಕಡೆ ಚಪ್ಪಟೆಯಾಗುತ್ತವೆ. ಚಳಿಗಾಲಕ್ಕೆ ಮುಂಚೆ ನಾನು ಟ್ಯಾಂಕ್ ತುಂಬಿಸಿ, ಪೆಟ್ರೋಲ್ ಕೆಡದಂತೆ ಔಷಧಿ ಹಾಕಿ, ಟೈರಿಗೆ ಗಾಳಿ ಹೆಚ್ಚಿಸಿ, ಹ್ಯಾಂಡ್‌ಬ್ರೇಕ್ ಬಿಟ್ಟು ಗೇರಿನಲ್ಲಿ ನಿಲ್ಲಿಸಿ, ಬ್ಯಾಟರಿಗೆ ಚಾರ್ಜರ್ ಸಿಕ್ಕಿಸುತ್ತೇನೆ. ಇಷ್ಟೆಲ್ಲ ಮಾಡಿದರೂ ನಿಂತ ತಿಂಗಳುಗಳು ಕಾರಿಗೆ ಒಳ್ಳೆಯದನ್ನೇನೂ ಮಾಡುವುದಿಲ್ಲ, ಕೆಡುಕನ್ನು ಸ್ವಲ್ಪ ತಡೆಯಬಹುದು ಅಷ್ಟೆ. ಮಿಶಿಗನ್ ರಾಜ್ಯ 25 ವರ್ಷ ದಾಟಿದ ಕಾರುಗಳಿಗೆ ಐತಿಹಾಸಿಕ ವಾಹನದ ನಂಬರ್ ಪ್ಲೇಟು ಕೊಡುತ್ತದೆ. ಅದನ್ನು ಹಾಕಿಸಿಕೊಂಡರೆ ಪ್ರದರ್ಶನ, ಮೆರವಣಿಗೆ, ಕ್ಲಬ್ಬಿನ ಓಡಾಟಗಳಿಗೆ, ಅದು ಬಿಟ್ಟರೆ ಆಗಸ್ಟ್ ತಿಂಗಳಲ್ಲಿ ಮಾತ್ರ ಓಡಿಸಬಹುದು. ನಾನು ಅದನ್ನು ತೆಗೆದುಕೊಳ್ಳಲಿಲ್ಲ. ಮಂಗಳವಾರ ಸಂಜೆ ಹಾಲು ತರಲು ಹೋಗುವುದಕ್ಕೂ ನನಗೆ ಈ ಕಾರು ಬೇಕು. ಕಾರಿಗೂ ಅದೇ ಬೇಕು.

ಹಾಲು ತರಲು ಹೊರಟವರು ಹೈನ್ಸ್ ಡ್ರೈವ್ ಸೇರುವುದುಂಟು. ಮಿಶಿಗನ್ನಿನ ನಮ್ಮ ಭಾಗದ ರಸ್ತೆಗಳು ನೂಲು ಹಿಡಿದಂತೆ ನೇರ. ಮಿಡಲ್ ರೂಜ್ ನದಿಯ ಪಕ್ಕ ಉದ್ಯಾನಗಳ ನಡುವೆ ಹೋಗುವ ಈ ರಸ್ತೆ ಮಾತ್ರ ನದಿ ತಿರುಗಿದ ಕಡೆ ತಾನೂ ತಿರುಗುತ್ತದೆ. ಮಳೆ ಜೋರಾದರೆ ಮುಳುಗಿ ಮುಚ್ಚಿಹೋಗುತ್ತದೆ. ಅಲ್ಲಿ ವೇಗದ ಮಿತಿ ಕಡಿಮೆ, ಮತ್ತು ಈ ಕಾರಿಗೆ ಅಷ್ಟು ವೇಗ ಸಾಕು. ಪವರ್ ಸ್ಟೀರಿಂಗ್ ಇಲ್ಲದ ಮಾದರಿ ನಮ್ಮದು. ರಸ್ತೆಗೆ ಹಾಕಿದ ತೇಪೆ, ತಿರುವಿನ ಇಳಿಜಾರು, ಒದ್ದೆಯಾದ ಜಾಗ, ಎಲ್ಲವೂ ಅಂಗೈಗೆ ಗೊತ್ತಾಗುತ್ತದೆ. ಶಕ್ತಿಶಾಲಿ ಕಾರುಗಳಲ್ಲಿ ಎರಡನೇ ಗೇರಿನಲ್ಲೇ ಕಾನೂನು ಮುಗಿದುಹೋಗುತ್ತದೆ. ಇಲ್ಲಿ ಎರಡನೆಯದರಿಂದ ಮೂರನೆಯದಕ್ಕೆ, ಮತ್ತೆ ಎರಡನೆಯದಕ್ಕೆ, ಎಂಜಿನ್ನನ್ನು ಪೂರ್ತಿ ದುಡಿಸಿಕೊಂಡು ಹೋಗಬಹುದು. ಸಂಜೆ ನದಿಯ ತಗ್ಗಿಗೆ ಇಳಿದಾಗ ಗಾಳಿ ತಟ್ಟನೆ ತಣ್ಣಗಾಗುತ್ತದೆ. ಕತ್ತರಿಸಿದ ಹುಲ್ಲಿನ ವಾಸನೆ, ಯಾರೋ ಮಾಂಸ ಸುಡುತ್ತಿರುವ ಹೊಗೆ, ಕಪ್ಪೆಗಳ ಸದ್ದು ಎಲ್ಲ ಒಳಗೇ ಬರುತ್ತವೆ.

ನನ್ನ ಹೆಂಡತಿ ಮೈಸೂರಿನಲ್ಲಿ ಮಾರುತಿ 800 ಓಡಿಸಿ ಕಲಿತವಳು. ಅಮೆರಿಕಕ್ಕೆ ಬಂದ ಮೇಲೆ ಕ್ಲಚ್ ಇರುವ ಕಾರೇ ಅವಳಿಗೆ ಸಿಕ್ಕಿರಲಿಲ್ಲ. ಇದರ ಗೇರ್ ಲಿವರ್ ನೇರವಾಗಿ ಗೇರ್ ಬಾಕ್ಸಿನ ಮೇಲೇ ಕೂತಿದೆ, ನಡುವೆ ಸರಳು, ಕೇಬಲ್ಲು ಏನೂ ಇಲ್ಲ. ಮಣಿಕಟ್ಟು ಅಲ್ಲಾಡಿಸಿದರೆ ಗೇರು ಬೀಳುತ್ತದೆ. ಕೆಲವು ವರ್ಷದ ಹಿಂದೆ ಆ ಲಿವರ್ ಸಡಿಲವಾಗಿ, ಅದರ ಸುತ್ತಲಿಂದ ಬಿಸಿಗಾಳಿ ನಮ್ಮ ಮೊಣಕಾಲಿಗೆ ಹೊಡೆಯತೊಡಗಿತು. ಬಿಚ್ಚಿ ನೋಡಿದರೆ ಒಳಗಿನ ರಬ್ಬರ್ ಬೂಟು ಹರಿದು ಚಿಂದಿಯಾಗಿತ್ತು, ಪುಟ್ಟದೊಂದು ಪ್ಲಾಸ್ಟಿಕ್ ಬುಶ್ ಪುಡಿಯಾಗಿತ್ತು. ಎರಡನ್ನೂ ಹಾಕಿ, ಲಿವರಿನ ಗುಳಿಗೆ ಹೊಸ ಎಣ್ಣೆ ಬಿಟ್ಟೆ. ಒಂದು ಮಧ್ಯಾಹ್ನದ ಕೆಲಸ, ಇಬ್ಬರು ಹೋಟೆಲಿನಲ್ಲಿ ಉಂಡಷ್ಟು ಖರ್ಚು. ಅವಳು ಬೀದಿಯ ತುದಿಯವರೆಗೆ ಓಡಿಸಿ ಬಂದು, ಇಳಿಯದೆಯೇ, "ರೀ, ಇದು ಬೇರೆಯದೇ ಕಾರು. ಹತ್ತಿ, ಹೈನ್ಸ್ ಡ್ರೈವಿಗೆ ಹೋಗೋಣ" ಅಂದಳು. ಹಣ ಸುರಿದು ಹೊಸ ಟಾಪು ಹಾಕಿಸಿದಾಗಲೂ ನಮಗೆ ಅಷ್ಟು ಸಂತೋಷ ಆಗಿರಲಿಲ್ಲ.

ಕಾರು ಕೊಂಡ ಬೆಲೆಯನ್ನು ರಿಪೇರಿಯ ಖರ್ಚು ಯಾವತ್ತೋ ದಾಟಿದೆ. ಮಾರಿದರೆ ಹಾಕಿದ ದುಡ್ಡು ಬರುತ್ತದಾ ಎಂದು ಸ್ನೇಹಿತರು ಕೇಳುತ್ತಾರೆ. ಬರುವುದಿಲ್ಲ. ಸಂಸಾರದ ಖರ್ಚು, ಮಕ್ಕಳ ಓದು ಎಲ್ಲ ಮುಗಿದು ಉಳಿದುದರಲ್ಲಿ ಇದನ್ನು ಸಾಕಬೇಕು. ಸಾಲ ಮಾಡಿ ಸಾಕುವಂಥದ್ದಲ್ಲ ಎಂದು ಮಾತ್ರ ಅವರಿಗೆ ಖಚಿತವಾಗಿ ಹೇಳುತ್ತೇನೆ. ದೈತ್ಯ ಪಿಕಪ್ ಟ್ರಕ್ಕುಗಳ ನಡುವೆ ಇಷ್ಟು ಚಿಕ್ಕ, ಇಷ್ಟು ಹಳೆಯ ಕಾರು ಓಡಿಸುವುದರಲ್ಲಿ ಅಪಾಯವೂ ಇದೆ, ಆದ್ದರಿಂದ ಹೆದ್ದಾರಿಯನ್ನು ಆದಷ್ಟು ಬಿಡುತ್ತೇವೆ.

ಈ ಚಳಿಗಾಲಕ್ಕೆ ಸಸ್ಪೆನ್ಷನ್ ಬುಶ್‌ಗಳ ಸರದಿ. ನಾಲ್ಕು ಚಕ್ರಗಳ ತೋಳುಗಳನ್ನೂ ಬಿಚ್ಚಿ, ತುಕ್ಕು ಹಿಡಿದು ಕಚ್ಚಿಕೊಂಡ ಉದ್ದನೆಯ ಬೋಲ್ಟುಗಳನ್ನು ಕಿತ್ತು, ಹಳೆಯ ಬುಶ್‌ಗಳನ್ನು ಪ್ರೆಸ್ಸಿನಲ್ಲಿ ಒತ್ತಿ ತೆಗೆಯುವುದು ದೊಡ್ಡ ಕೆಲಸ. ಬೋಲ್ಟುಗಳಿಗೆ ಈಗಿಂದಲೇ ವಾರಕ್ಕೊಮ್ಮೆ ಎಣ್ಣೆ ಬಿಡುತ್ತಿದ್ದೇನೆ. ಬಿಡಿಭಾಗಗಳ ಅಂಗಡಿಯವರು ಪಾಲಿಯುರೆಥೇನ್ ಬುಶ್ ಹಾಕಿ, ಅವು ಬಾಳಿಕೆ ಬರುತ್ತವೆ, ಮತ್ತೆ ಬಿಚ್ಚುವ ಪ್ರಮೇಯವೇ ಇರುವುದಿಲ್ಲ ಎಂದರು. ಅವು ಗಟ್ಟಿ. ರಸ್ತೆಯ ಪ್ರತಿ ಗುಂಡಿಯನ್ನೂ ಬೆನ್ನಿಗೆ ಮುಟ್ಟಿಸುತ್ತವೆ, ಗ್ರೀಸ್ ಒಣಗಿದರೆ ಕಿರುಗುಡುತ್ತವೆ. ಈ ಕಾರಿನ ನಡಿಗೆ ಅಷ್ಟು ಮೃದುವಾಗಿರುವುದು ಹಿರೋಶಿಮಾದ ಮಾಜ್ದಾ ಎಂಜಿನಿಯರುಗಳು ಆರಿಸಿದ ರಬ್ಬರಿನಿಂದ. ರಬ್ಬರಿನವನ್ನೇ ಆರ್ಡರ್ ಮಾಡಿದೆ. ಹದಿನೈದು ಇಪ್ಪತ್ತು ವರ್ಷಕ್ಕೆ ಅವೂ ಬಿರುಕು ಬಿಡುತ್ತವೆ, ಆಗ ಮತ್ತೆ ಹಾಕಬೇಕು.